ಹೆಸರಿನ ಕೊನೆಗೆ ‘ನಿಬ್’: ಕ್ಯಾನ್ಸರಿಗೂ ಮಿದುಳಿನ ಕಾಯಿಲೆಗೂ ಕೈನೇಸ್ ಏಕೆ ಗುರಿ?

ಬೆಂಗಳೂರಿನ ಕಿದ್ವಾಯಿಗೋ ನಿಮ್ಹಾನ್ಸಿಗೋ ಹೋಗಿ ಬಂದ ದಾವಣಗೆರೆ, ಹರಿಹರ, ಹಿರಿಯೂರು ಕಡೆಯ ಮನೆಗಳಲ್ಲಿ ಈಗ ಕೆಲವು ಹೊಸ ಹೆಸರುಗಳು ಓಡಾಡುತ್ತಿವೆ: ಇಮ್ಯಾಟಿನಿಬ್, ಗೆಫಿಟಿನಿಬ್, ಎರ್ಲೋಟಿನಿಬ್, ಓಸಿಮರ್ಟಿನಿಬ್. ಫಿಟ್ಸ್ ಬರುವ ಕೆಲವು ಮಕ್ಕಳ ಚೀಟಿಯಲ್ಲಿ ಎವೆರೋಲಿಮಸ್ ಎಂದು ಬರೆದಿರುತ್ತದೆ. ಮನೆಗೆ ಬಂದು ಚೀಟಿ ಬಿಚ್ಚಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಇದು ಕಿಮೋನಾ, ಬೇರೆಯಾ? ಪಕ್ಕದ ಮನೆಯವರ ಕ್ಯಾನ್ಸರಿಗೆ ಇದೇ ಮಾತ್ರೆ ಏಕೆ ಕೊಡಲಿಲ್ಲ? ರಕ್ತ ಪರೀಕ್ಷೆ ಸರಿ ಬಂದ ಮೇಲೂ ದಿನಾ ಏಕೆ ನುಂಗಬೇಕು? ಕ್ಯಾನ್ಸರಿನ ಮಾತ್ರೆಯಿಂದ ಮಗುವಿನ ಫಿಟ್ಸ್ ಹೇಗೆ ಕಡಿಮೆಯಾಗುತ್ತದೆ?

ಇವೆಲ್ಲಕ್ಕೂ ಉತ್ತರ ಕೈನೇಸ್ ಎಂಬ ಪ್ರೋಟೀನಿನ ಕೆಲಸದಲ್ಲಿದೆ. ಅದನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ವೈದ್ಯರು ಪರೀಕ್ಷೆಗೆ ಏಕೆ ಒತ್ತಾಯಿಸುತ್ತಾರೆ, ಒಂದು ದಿನದ ಮಾತ್ರೆ ತಪ್ಪಿದರೂ ಏಕೆ ಗದರುತ್ತಾರೆ ಎಂಬುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಕೈನೇಸ್ ಮಾಡುವ ಕೆಲಸ

ಜೀವಕೋಶದ ಒಳಗಿನ ಕೆಲಸಗಳನ್ನೆಲ್ಲ ಮಾಡುವುದು ಪ್ರೋಟೀನ್‌ಗಳು. ಆದರೆ ಎಲ್ಲ ಪ್ರೋಟೀನ್‌ಗಳೂ ಎಲ್ಲ ಹೊತ್ತೂ ಕೆಲಸ ಮಾಡುತ್ತಿದ್ದರೆ ಕೋಶ ಉಳಿಯುವುದಿಲ್ಲ. ಯಾವುದು ಯಾವಾಗ ಏಳಬೇಕು, ಯಾವಾಗ ಸುಮ್ಮನಾಗಬೇಕು ಎಂಬುದಕ್ಕೆ ಒಂದು ವ್ಯವಸ್ಥೆ ಇದೆ. ಒಂದು ರಂಜಕ ಮತ್ತು ಕೆಲವು ಆಮ್ಲಜನಕ ಪರಮಾಣುಗಳು ಸೇರಿದ ಫಾಸ್ಫೇಟ್ ಎಂಬ ಪುಟ್ಟ ತುಣುಕನ್ನು ಪ್ರೋಟೀನಿಗೆ ಅಂಟಿಸಿದರೆ ಅದರ ಆಕಾರ ಸ್ವಲ್ಪ ತಿರುಗುತ್ತದೆ, ಅದರೊಂದಿಗೆ ನಡವಳಿಕೆಯೂ ಬದಲಾಗುತ್ತದೆ. ಮಲಗಿದ್ದ ಪ್ರೋಟೀನ್ ಎದ್ದೀತು, ಎದ್ದಿದ್ದದ್ದು ಮಲಗೀತು. ಹೀಗೆ ಫಾಸ್ಫೇಟ್ ಅಂಟಿಸುವ ಪ್ರೋಟೀನೇ ಕೈನೇಸ್. ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯಿಂದ ಅದು ಫಾಸ್ಫೇಟನ್ನು ಕಿತ್ತು ತರುತ್ತದೆ. ಅಂಟಿಸಿದ್ದನ್ನು ತೆಗೆಯಲು ಫಾಸ್ಫಟೇಸ್ ಎಂಬ ಬೇರೆ ಪ್ರೋಟೀನ್‌ಗಳಿವೆ. ಮನುಷ್ಯರಲ್ಲಿ 500ಕ್ಕೂ ಹೆಚ್ಚು ಬಗೆಯ ಕೈನೇಸ್‌ಗಳಿವೆ, ಒಂದೊಂದಕ್ಕೂ ಅದರದೇ ಗಿರಾಕಿಗಳು.

ಈ ಅಂಟಿಸುವಿಕೆಯಿಂದ ಪ್ರೋಟೀನಿನ ಕೆಲಸ ಹತೋಟಿಗೆ ಬರುತ್ತದೆ ಎಂಬುದನ್ನು 1950ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ತೋರಿಸಿದರು. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಿಡಿಸುವ ಒಂದು ಪ್ರೋಟೀನ್ ಮೇಲೆ ಅವರು ಕೆಲಸ ಮಾಡುತ್ತಿದ್ದರು. ನೊಬೆಲ್ ಬಂದದ್ದು 1992ರಲ್ಲಿ. ಅಷ್ಟು ಹೊತ್ತಿಗೆ ಇದು ಸ್ನಾಯುವಿಗಷ್ಟೇ ಸೇರಿದ ವಿಷಯವಲ್ಲ ಎಂಬುದು ಎಲ್ಲರಿಗೂ ಖಚಿತವಾಗಿತ್ತು.

ದಾವಣಗೆರೆ ಸೀಮೆಯವರಿಗೆ ಇದನ್ನು ಭದ್ರಾ ನಾಲೆಯ ಮೂಲಕ ಹೇಳುವುದು ಸುಲಭ. ಲಕ್ಕವಳ್ಳಿಯ ಜಲಾಶಯದಿಂದ ಬಿಟ್ಟ ನೀರು ನೇರವಾಗಿ ಗದ್ದೆಗೆ ಬರುವುದಿಲ್ಲ. ಬಲದಂಡೆ ನಾಲೆ, ಅದರ ಕವಲು, ಉಪನಾಲೆ, ಹೊಲಗಾಲುವೆ, ಹೀಗೆ ಇಳಿಯುತ್ತ ಬರುವಾಗ ಒಂದೊಂದು ಕಡೆಯೂ ತೂಬು ಇರುತ್ತದೆ. ಮೇಲಿನ ತೂಬು ಎತ್ತಿದರಷ್ಟೇ ಕೆಳಗಿನದಕ್ಕೆ ನೀರು. ಕೋಶದಲ್ಲಿಯೂ ಹಾಗೆಯೇ: ಹೊರಗಿನಿಂದ ‘ಬೆಳೆ’ ಎಂಬ ಸಂದೇಶ ಬಂದರೆ ಕೋಶದ ಮೈಮೇಲಿನ ಒಂದು ಕೈನೇಸ್ ತೆರೆದುಕೊಳ್ಳುತ್ತದೆ, ಅದು ಕೆಳಗಿನ ಕೈನೇಸಿಗೆ ಫಾಸ್ಫೇಟ್ ಅಂಟಿಸಿ ಅದನ್ನು ತೆರೆಯುತ್ತದೆ, ಅದು ಮುಂದಿನದನ್ನು. ಕೊನೆಗೆ ಸಂದೇಶ ಕೋಶದ ನಡುವಿನ ವಂಶವಾಹಿಗಳನ್ನು ಮುಟ್ಟುತ್ತದೆ. ಕೆಲಸ ಮುಗಿದ ಮೇಲೆ ತೂಬುಗಳೆಲ್ಲ ಮುಚ್ಚಬೇಕು.

ಕೆಡುವ ಬಗೆ

ತೂಬು ಮೂರು ರೀತಿಯಲ್ಲಿ ಕೆಡಬಹುದು. ಎತ್ತಿದ ಬಾಗಿಲು ಹಾಗೇ ಸಿಕ್ಕಿಕೊಂಡು ಮುಚ್ಚದೇ ಇರಬಹುದು. ಒಂದಿರಬೇಕಾದ ಕಡೆ ಹತ್ತು ತೂಬು ಎದ್ದಿರಬಹುದು. ಇಲ್ಲವೇ ತೂಬು ಸರಿಯಿದ್ದು, ಅದನ್ನು ಮುಚ್ಚಬೇಕಾದ ನೀರಗಂಟಿಯೇ ಇಲ್ಲದಿರಬಹುದು. ಕೆಳಗಿನ ಹೊಲಕ್ಕೆ ಮೂರರ ಪರಿಣಾಮವೂ ಒಂದೇ, ನೀರು ನುಗ್ಗುತ್ತದೆ. ರಿಪೇರಿ ಮಾತ್ರ ಬೇರೆ ಬೇರೆ.

ಕ್ಯಾನ್ಸರಿನಲ್ಲಿ ನುಗ್ಗುವುದು ‘ಇಬ್ಭಾಗವಾಗು, ಬೆಳೆ’ ಎಂಬ ಸಂದೇಶ. ಮಿದುಳಿನ ನರಕೋಶಗಳ ಕಥೆ ಬೇರೆ. ಅವು ದೊಡ್ಡವರಲ್ಲಿ ಬಹುಮಟ್ಟಿಗೆ ಇಬ್ಭಾಗವಾಗುವುದೇ ಇಲ್ಲ. ಅಲ್ಲಿ ಅದೇ ಕೈನೇಸ್‌ಗಳು ನರಕೋಶಗಳ ನಡುವಿನ ಸಂಪರ್ಕವನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಕೋಶದ ಒಳಗಿನ ಸಾಗಣೆ ನೋಡಿಕೊಳ್ಳುವುದು, ಹಳೆಯ ಪ್ರೋಟೀನ್‌ಗಳನ್ನು ತೆರವುಗೊಳಿಸುವುದು ಮುಂತಾದ ಕೆಲಸ ಮಾಡುತ್ತವೆ. ಹಾಗಾಗಿ ಅದೇ ತೂಬು ಕೆಟ್ಟರೆ ಒಂದು ಕಡೆ ಗಡ್ಡೆ, ಇನ್ನೊಂದು ಕಡೆ ಫಿಟ್ಸ್ ಅಥವಾ ಮರೆವು. ಔಷಧದಿಂದ ಬೇಕಾದದ್ದೂ ಬೇರೆ. ಕ್ಯಾನ್ಸರ್ ಕೋಶದಲ್ಲಿ ಕೆಟ್ಟ ತೂಬನ್ನು ಪೂರ್ತಿ ಬಂದ್ ಮಾಡಬೇಕು. ಮಿದುಳಿನಲ್ಲಿ ಪೂರ್ತಿ ಬಂದ್ ಮಾಡಿದರೆ ನೆನಪು, ಕಲಿಕೆಗೂ ಪೆಟ್ಟು ಬೀಳುತ್ತದೆ. ಅಲ್ಲಿ ಹರಿವನ್ನು ತಗ್ಗಿಸಿ, ಸಮನಾಗಿ ಇಡಬೇಕು, ಅದೂ ಹಲವು ವರ್ಷ. ಈ ವ್ಯತ್ಯಾಸವೇ ಕ್ಯಾನ್ಸರಿನಲ್ಲಿ ಕೈನೇಸ್ ಔಷಧಗಳು ಬೇಗ ಗೆದ್ದು, ಮಿದುಳಿನ ಕಾಯಿಲೆಗಳಲ್ಲಿ ಹಿಂದೆ ಉಳಿಯಲು ದೊಡ್ಡ ಕಾರಣ.

ಮೊದಲ ದೊಡ್ಡ ಗೆಲುವು: ಸಿಎಂಎಲ್

ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾ, ಅಂದರೆ ಸಿಎಂಎಲ್, ಒಂದು ರಕ್ತದ ಕ್ಯಾನ್ಸರ್. ಎಷ್ಟೋ ಸಲ ಇದು ಗೊತ್ತಾಗುವುದೇ ಬೇರೆ ಯಾವುದಕ್ಕೋ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ. ಒಂದು ಮೈಕ್ರೋಲೀಟರಿಗೆ 4,000ದಿಂದ 11,000ದವರೆಗೆ ಇರಬೇಕಾದ ಬಿಳಿ ರಕ್ತಕಣಗಳು ಲಕ್ಷ ದಾಟಿರುತ್ತವೆ. ಎಡಪಕ್ಕೆಯ ಕೆಳಗೆ ಗುಲ್ಮ ಊದಿಕೊಂಡು, ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುತ್ತದೆ. ಸುಸ್ತು, ರಾತ್ರಿ ಬೆವರು, ತೂಕ ಇಳಿಯುವುದು.

1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ಕೋಶಗಳಲ್ಲಿ ಒಂದು ಕುಳ್ಳ ವರ್ಣತಂತುವನ್ನು ಕಂಡರು. ಅದು ಕುಳ್ಳಗಾದದ್ದು ಹೇಗೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು: 9 ಮತ್ತು 22ನೇ ವರ್ಣತಂತುಗಳು ತುಂಡಾಗಿ, ತುದಿಗಳನ್ನು ಅದಲು ಬದಲು ಮಾಡಿಕೊಂಡಿದ್ದವು. ಆ ಬೆಸುಗೆಯ ಜಾಗದಲ್ಲಿ ಬಿಸಿಆರ್ ಎಂಬ ವಂಶವಾಹಿಯ ತುಣುಕು ಎಬಿಎಲ್ ಎಂಬ ಕೈನೇಸಿನ ವಂಶವಾಹಿಗೆ ಅಂಟಿಕೊಂಡು ಒಂದು ಹೊಸ ಕೈನೇಸ್ ಹುಟ್ಟುತ್ತದೆ. ಮುಚ್ಚುವುದೇ ಗೊತ್ತಿಲ್ಲದ ತೂಬು ಅದು. ಹುಟ್ಟಿನಿಂದ ಬಂದದ್ದಲ್ಲ, ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಬದುಕಿನ ನಡುವೆ ಅಸ್ಥಿಮಜ್ಜೆಯ ಒಂದು ಕೋಶದಲ್ಲಿ ಆದ ಅವಘಡ. ಮದುವೆ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು.

ಇಮ್ಯಾಟಿನಿಬ್ ಈ ಒಂದು ಕೈನೇಸನ್ನು ಗುರಿ ಮಾಡಿ ಮಾಡಿದ ಔಷಧ. ನಿಕೊಲಸ್ ಲಿಡನ್ ಮತ್ತು ಬ್ರಯಾನ್ ಡ್ರುಕರ್ ಇದರ ಹಿಂದಿನ ಪ್ರಮುಖರು, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರ ಮೇ ತಿಂಗಳಲ್ಲಿ. ಕೈನೇಸಿನಲ್ಲಿ ಎಟಿಪಿ ಬಂದು ಕೂರುವ ಒಂದು ಗುಳಿ ಇದೆ. ಇಮ್ಯಾಟಿನಿಬ್ ಆ ಗುಳಿಯಲ್ಲಿ ತಾನು ಕೂತುಬಿಡುತ್ತದೆ. ಎಟಿಪಿಗೆ ಜಾಗವಿಲ್ಲ, ಫಾಸ್ಫೇಟ್ ಇಲ್ಲ, ಸಂದೇಶ ಮುಂದೆ ಹೋಗುವುದಿಲ್ಲ. ಕಿಮೋ ಔಷಧಗಳು ವೇಗವಾಗಿ ಇಬ್ಭಾಗವಾಗುವ ಎಲ್ಲ ಕೋಶಗಳನ್ನೂ ಹೊಡೆಯುತ್ತವೆ, ಕೂದಲ ಬುಡ, ಕರುಳಿನ ಒಳಪದರ ಸೇರಿ. ಇದು ಹಾಗೆ ಮಾಡುವುದಿಲ್ಲ. ಇದನ್ನು ಮೊದಲ ಔಷಧವಾಗಿ ಪಡೆದ ಸಿಎಂಎಲ್ ರೋಗಿಗಳಲ್ಲಿ ಹತ್ತು ವರ್ಷಗಳ ನಂತರ ಶೇ 83ರಷ್ಟು ಜನ ಬದುಕಿದ್ದರು ಎಂದು ದೊಡ್ಡ ಅಂತರರಾಷ್ಟ್ರೀಯ ಪ್ರಯೋಗವೊಂದು ತೋರಿಸಿತು. ಅದಕ್ಕೆ ಮೊದಲು ಈ ರೋಗ ಕೆಲವೇ ವರ್ಷಗಳಲ್ಲಿ ಉಲ್ಬಣಿಸಿ ಪ್ರಾಣ ತೆಗೆಯುತ್ತಿತ್ತು.

ಸಾಮಾನ್ಯ ಡೋಸು ದಿನಕ್ಕೆ 400 ಮಿಲಿಗ್ರಾಂ, ಒಂದೇ ಸಲ, ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ನುಂಗಿದ ಕೂಡಲೇ ಮಲಗಬಾರದು, ಅನ್ನನಾಳ ಉರಿಯುತ್ತದೆ. ನುಂಗಲಾಗದವರು 400 ಮಿಲಿಗ್ರಾಂ ಮಾತ್ರೆಯನ್ನು ಸುಮಾರು 200 ಮಿಲಿಲೀಟರ್ ನೀರಿನಲ್ಲಿ ಕದಡಿ, ಕರಗಿದ ತಕ್ಷಣ ಕುಡಿಯಬಹುದು. ಬೆಳಿಗ್ಗೆ ಕಣ್ಣಿನ ಸುತ್ತ ಊತ, ಮೀನಖಂಡದ ಸೆಳೆತ, ವಾಂತಿ ಬಂದಂತಾಗುವುದು, ಮೈಮೇಲೆ ಗಂಧೆ ಇವೆಲ್ಲ ಸಾಮಾನ್ಯ. ಇವುಗಳಲ್ಲಿ ಕೆಲವಕ್ಕೆ ಕಾರಣ, ಇಮ್ಯಾಟಿನಿಬ್ ತನ್ನ ಗುರಿಯ ಜೊತೆಗೆ ಇನ್ನೆರಡು ಮೂರು ಕೈನೇಸ್‌ಗಳ ಗುಳಿಯಲ್ಲೂ ಕೂರುವುದು. ಎಲ್ಲ ಕೈನೇಸ್‌ಗಳಲ್ಲೂ ಎಟಿಪಿಯ ಗುಳಿ ಬಹುಪಾಲು ಒಂದೇ ಥರ ಇರುವುದರಿಂದ ಒಂದನ್ನು ಮಾತ್ರ ಮುಚ್ಚುವ ಔಷಧ ಮಾಡುವುದು ತುಂಬ ಕಷ್ಟದ ಕೆಲಸ. ಕೆಲವೊಮ್ಮೆ ಅದರಿಂದ ಲಾಭವೂ ಆಗುತ್ತದೆ: ಕಿಟ್ ಎಂಬ ಕೈನೇಸನ್ನೂ ಮುಚ್ಚುವ ಕಾರಣ ಇದೇ ಮಾತ್ರೆ ಜಿಸ್ಟ್ ಎಂಬ ಹೊಟ್ಟೆ-ಕರುಳಿನ ಗಡ್ಡೆಗೂ ಕೆಲಸ ಮಾಡುತ್ತದೆ.

ಮಾತ್ರೆ ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಬೇಕು. ಹಳೆಯ ಸೋಂಕು ಲಿವರಿನಲ್ಲಿ ಸುಮ್ಮನೆ ಕುಳಿತಿದ್ದರೆ ಈ ಔಷಧದಡಿ ಅದು ಮತ್ತೆ ತಲೆ ಎತ್ತಬಹುದು. ಗರ್ಭಿಣಿಯರು ನುಂಗಬಾರದು. ಮಗು ಬೇಕೆನ್ನುವ ಹೆಣ್ಣುಮಕ್ಕಳು ತಾವಾಗಿ ನಿಲ್ಲಿಸದೆ, ಮೊದಲೇ ವೈದ್ಯರೊಂದಿಗೆ ಕೂತು ಯೋಜನೆ ಹಾಕಿಕೊಳ್ಳಬೇಕು.

ಪರೀಕ್ಷೆ ಸರಿ ಬಂತು, ಇನ್ನೂ ಏಕೆ ನುಂಗಬೇಕು?

ಒಂದೆರಡು ತಿಂಗಳಲ್ಲೇ ರಕ್ತಕಣಗಳ ಎಣಿಕೆ ಸರಿಯಾಗಿ, ಗುಲ್ಮ ಇಳಿದು, ರೋಗಿ ಹೊಲದ ಕೆಲಸಕ್ಕೆ ಮರಳುತ್ತಾರೆ. ಅಪಾಯ ಶುರುವಾಗುವುದೇ ಇಲ್ಲಿ. ಎಣಿಕೆ ಸರಿಯಾಯಿತೆಂದರೆ ಕೆಟ್ಟ ಕೋಶಗಳು ಖಾಲಿಯಾದವು ಎಂದಲ್ಲ. ಉಳಿದವುಗಳ ಪ್ರಮಾಣ ತಿಳಿಯಲು ಬಿಸಿಆರ್-ಎಬಿಎಲ್ ಆರ್‌ಕ್ಯೂ-ಪಿಸಿಆರ್ ಎಂಬ ಬೇರೆ ರಕ್ತ ಪರೀಕ್ಷೆ ಇದೆ. ಮೊದಲೆಲ್ಲ ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ಮೂರನೇ ತಿಂಗಳಿಗೆ ಶೇ 10 ಅಥವಾ ಕಡಿಮೆ, ಆರನೇ ತಿಂಗಳಿಗೆ ಶೇ 1 ಅಥವಾ ಕಡಿಮೆ, ಒಂದು ವರ್ಷಕ್ಕೆ ಶೇ 0.1 ಅಥವಾ ಕಡಿಮೆ, ಇದು ನಡೆಯಬೇಕಾದ ಇಳಿಮುಖ. ವರದಿಯಲ್ಲಿ ‘ಇಂಟರ್‌ನ್ಯಾಷನಲ್ ಸ್ಕೇಲ್’ ಎಂದು ನಮೂದಾಗಿದೆಯೇ ನೋಡಿ. ಇಲ್ಲದಿದ್ದರೆ ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ. ಸಾಧ್ಯವಾದಷ್ಟೂ ಒಂದೇ ಲ್ಯಾಬಿಗೆ ಕಳಿಸಿ.

ಕಳಿಸುವುದರಲ್ಲೂ ತಪ್ಪಾಗುತ್ತದೆ. ಈ ಪರೀಕ್ಷೆ ಅಳೆಯುವುದು ವಂಶವಾಹಿಯ ಸಂದೇಶ ಹೊತ್ತೊಯ್ಯುವ ಆರ್‌ಎನ್‌ಎಯನ್ನು, ಅದು ಬೇಗ ಹಾಳಾಗುವ ವಸ್ತು. ರಕ್ತ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿರಬೇಕು, ಒಂದೆರಡು ದಿನದೊಳಗೆ ಲ್ಯಾಬು ಮುಟ್ಟಬೇಕು. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಶನಿವಾರ ಸಂಜೆ ರಕ್ತ ಕೊಟ್ಟರೆ ಅದು ಭಾನುವಾರವೆಲ್ಲ ಕಲೆಕ್ಷನ್ ಸೆಂಟರಿನಲ್ಲೇ ಕೂತು, ಬೆಂಗಳೂರು ತಲುಪುವಷ್ಟರಲ್ಲಿ ತಡವಾಗಬಹುದು. ಸೋಮವಾರದಿಂದ ಗುರುವಾರದೊಳಗೆ ಕೊಡುವುದು ಒಳ್ಳೆಯದು.

ಮಾತ್ರೆ ಬಿಟ್ಟರೆ ಏನಾಗುತ್ತದೆಂದು ಲಂಡನ್ನಿನಲ್ಲಿ ಅಳೆದು ನೋಡಿದ್ದಾರೆ. ಮುಚ್ಚಳದಲ್ಲಿ ಪುಟ್ಟ ಎಲೆಕ್ಟ್ರಾನಿಕ್ ಸಾಧನವಿದ್ದ ಡಬ್ಬಿಗಳನ್ನು ರೋಗಿಗಳಿಗೆ ಕೊಟ್ಟು, ಯಾರು ಎಷ್ಟು ದಿನ ಮಾತ್ರೆ ತೆಗೆದರೆಂದು ದಾಖಲಿಸಿದ ಈ ಅಧ್ಯಯನ ಪ್ರಕಟವಾದದ್ದು 2010ರಲ್ಲಿ. ಶೇ 90ಕ್ಕಿಂತ ಹೆಚ್ಚು ಡೋಸು ನುಂಗಿದವರಲ್ಲಿ ಸುಮಾರು ಶೇ 94 ಮಂದಿ ಆರು ವರ್ಷದಲ್ಲಿ ಆ ಶೇ 0.1ರ ಮಟ್ಟ ಮುಟ್ಟಿದರು. ಶೇ 90 ಅಥವಾ ಕಡಿಮೆ ನುಂಗಿದವರಲ್ಲಿ ಮುಟ್ಟಿದ್ದು ಶೇ 28 ಮಾತ್ರ. ತಿಂಗಳ 30 ಮಾತ್ರೆಯಲ್ಲಿ ಶೇ 10 ಎಂದರೆ ಮೂರು. ಜಾತ್ರೆಗೆ ಊರಿಗೆ ಹೋದಾಗ ಮರೆತ ಮೂರು ಮಾತ್ರೆ ಸಾಕು.

ಕಾರಣ ಸರಳ. ಔಷಧ ತೂಬಿಗೆ ಅಡ್ಡ ಇಟ್ಟ ಹಲಗೆಯಂತೆ, ರಿಪೇರಿ ಮಾಡಿದ್ದಲ್ಲ. ಹಲಗೆ ತೆಗೆದ ದಿನ ನೀರು ಮತ್ತೆ ನುಗ್ಗುತ್ತದೆ. ಅರೆಬರೆ ಔಷಧದಲ್ಲಿ ಬದುಕಿ ಇಬ್ಭಾಗವಾಗುವ ಕೋಶಗಳಲ್ಲಿ ಹೊಸ ರೂಪಾಂತರಗಳು, ಅಂದರೆ ವಂಶವಾಹಿಯ ಬದಲಾವಣೆಗಳು, ಮೂಡುತ್ತವೆ. ಎಬಿಎಲ್ ಕೈನೇಸಿನ 315ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಗುಳಿಯ ಬಾಯಿ ಇಕ್ಕಟ್ಟಾಗಿ ಇಮ್ಯಾಟಿನಿಬ್ ಒಳಗೆ ಹೋಗುವುದಿಲ್ಲ. ಅದಾದ ಮೇಲೆ ಬಂದ ಡಾಸಾಟಿನಿಬ್, ನಿಲೋಟಿನಿಬ್ ಕೂಡ ಅಲ್ಲಿ ಸೋಲುತ್ತವೆ. ಪೊನಾಟಿನಿಬ್ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ರಕ್ತನಾಳ ಕಟ್ಟಿಕೊಳ್ಳುವ ಅಪಾಯ ಹೆಚ್ಚು. ವರ್ಷಗಳ ಕಾಲ ಪಿಸಿಆರ್ ಅತಿ ಕೆಳಮಟ್ಟದಲ್ಲೇ ಉಳಿದ ಕೆಲವರು ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸಿ ನೋಡಬಹುದು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರೋಗ ಮರಳುವುದಿಲ್ಲ. ಮರಳಿದರೂ ಮಾತ್ರೆ ಮತ್ತೆ ಶುರು ಮಾಡಿದಾಗ ಬಹುಪಾಲು ಹತೋಟಿಗೆ ಬರುತ್ತದೆ, ಪ್ರತಿ ತಿಂಗಳು ಪಿಸಿಆರ್ ನೋಡುತ್ತಿದ್ದರೆ ಮಾತ್ರ.

ಶ್ವಾಸಕೋಶದ ಕ್ಯಾನ್ಸರ್: ಮೊದಲು ಬ್ಲಾಕ್, ಆಮೇಲೆ ಮಾತ್ರೆ

‘ಅವರಿಗೆ ಮಾತ್ರೆ, ನಮಗೆ ಕಿಮೋ ಏಕೆ’ ಎಂಬ ಪ್ರಶ್ನೆ ಹೆಚ್ಚು ಬರುವುದು ಇಲ್ಲಿ. ಇಜಿಎಫ್‌ಆರ್ ಎಂಬುದು ಕೋಶದ ಮೈಮೇಲೆ ಕುಳಿತಿರುವ ಕೈನೇಸ್. ಶ್ವಾಸಕೋಶದ ಅಡಿನೋಕಾರ್ಸಿನೋಮಾ ಎಂಬ ಬಗೆಯಲ್ಲಿ, ಅದರಲ್ಲೂ ಬೀಡಿ-ಸಿಗರೇಟು ಮುಟ್ಟದವರಲ್ಲಿ ಮತ್ತು ಹೆಂಗಸರಲ್ಲಿ, ಈ ಕೈನೇಸ್ ತೆರೆದು ನಿಲ್ಲುವಂಥ ರೂಪಾಂತರ ಹೆಚ್ಚು. ರೂಪಾಂತರ ಇದ್ದರೆ ಗೆಫಿಟಿನಿಬ್, ಎರ್ಲೋಟಿನಿಬ್, ಓಸಿಮರ್ಟಿನಿಬ್ ಕೆಲಸ ಮಾಡುತ್ತವೆ. ಇಲ್ಲದಿದ್ದರೆ ಕಿಮೋಗಿಂತ ಹಿಂದೆ ಬೀಳುತ್ತವೆ, ಅಮೂಲ್ಯ ಸಮಯವೂ ಹೋಗುತ್ತದೆ.

ಪರೀಕ್ಷೆಗೆ ಬೇಕಾದದ್ದು ಬಯಾಪ್ಸಿಯ ತುಣುಕು. ಅದನ್ನು ಶೇ 10ರ ಫಾರ್ಮಲಿನ್ ದ್ರಾವಣದಲ್ಲಿಟ್ಟು, ಮೇಣದ ಬ್ಲಾಕ್ ಮಾಡಿ ಪೆಥಾಲಜಿ ವಿಭಾಗದಲ್ಲಿ ಕಾದಿಡುತ್ತಾರೆ. ದಾವಣಗೆರೆಯಲ್ಲಿ ಬಯಾಪ್ಸಿ ಆಗಿ, ಮುಂದಿನ ಚಿಕಿತ್ಸೆ ಬೆಂಗಳೂರಿನಲ್ಲಾದರೆ, ವರದಿಯ ಹಾಳೆ ಮಾತ್ರ ಹಿಡಿದು ಹೋಗಬೇಡಿ. ಬ್ಲಾಕ್ ಮತ್ತು ಸ್ಲೈಡುಗಳನ್ನು ಅರ್ಜಿ ಬರೆದು, ಸಹಿ ಮಾಡಿ ತೆಗೆದುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಟ್ಟರೆ ಮೇಣ ಮೆತ್ತಗಾಗುತ್ತದೆ. ತುಣುಕು ತೀರ ಚಿಕ್ಕದಾಗಿದ್ದರೆ ರಕ್ತದಿಂದಲೇ ಮಾಡುವ ಪರೀಕ್ಷೆಯೂ ಇದೆ. ಆದರೆ ಅದರಲ್ಲಿ ‘ಇಲ್ಲ’ ಎಂದು ಬಂದರೆ ಖಂಡಿತ ಇಲ್ಲ ಎಂದು ತಿಳಿಯುವಂತಿಲ್ಲ.

ಇಲ್ಲೂ ಕ್ಯಾನ್ಸರ್ ದಾರಿ ಹುಡುಕಿಕೊಳ್ಳುತ್ತದೆ. ಗೆಫಿಟಿನಿಬ್, ಎರ್ಲೋಟಿನಿಬ್ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ. ಅರ್ಧಕ್ಕೂ ಹೆಚ್ಚು ಜನರಲ್ಲಿ ಕಾರಣ ಟಿ790ಎಂ ಎಂಬ ಹೊಸ ರೂಪಾಂತರ. ಓಸಿಮರ್ಟಿನಿಬ್ ಅದನ್ನೂ ಮುಚ್ಚುವಂತೆ ರೂಪಿಸಿದ ಔಷಧ. ಅದಕ್ಕೆ ಇನ್ನೊಂದು ಗುಣವೂ ಇದೆ, ಮಿದುಳಿನೊಳಗೆ ಚೆನ್ನಾಗಿ ಇಳಿಯುತ್ತದೆ.

ಮಿದುಳಿನ ಬಾಗಿಲು

ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಸಂದಿಲ್ಲದಂತೆ ಬೆಸೆದುಕೊಂಡಿವೆ. ಹೇಗೋ ಒಳಗೆ ಬಂದ ಔಷಧವನ್ನೂ ರಕ್ತಕ್ಕೇ ಹಿಂದೂಡುವ ಪಂಪುಗಳು ಅಲ್ಲಿವೆ. ಇಮ್ಯಾಟಿನಿಬ್ ರಕ್ತದಲ್ಲಿ ಎಷ್ಟಿದ್ದರೂ ಮಿದುಳಿನ ದ್ರವದಲ್ಲಿ ಅತ್ಯಲ್ಪ. ರಕ್ತದ ಕ್ಯಾನ್ಸರ್ ಹತೋಟಿಯಲ್ಲಿದ್ದಾಗಲೂ ಕೆಲವೊಮ್ಮೆ ಮಿದುಳಿನಲ್ಲಿ ಕಾಣಿಸಿಕೊಳ್ಳಲು ಇದು ಕಾರಣ.

ಗ್ಲಯೋಬ್ಲಾಸ್ಟೋಮಾ ಎಂಬ ಮಿದುಳಿನ ಗಡ್ಡೆಯ ಉದಾಹರಣೆ ನೋಡಿದರೆ ತೊಡಕು ಪೂರ್ತಿ ಕಾಣುತ್ತದೆ. ಈ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇಜಿಎಫ್‌ಆರ್ ಅತಿಯಾಗಿದೆ. ಹಾಗಾದರೆ ಶ್ವಾಸಕೋಶದ ಮಾತ್ರೆ ಇಲ್ಲೂ ಕೆಲಸ ಮಾಡಬೇಕಿತ್ತು. ಪ್ರಯೋಗಗಳಲ್ಲಿ ಮಾಡಲಿಲ್ಲ. ಔಷಧ ಸಾಕಷ್ಟು ಒಳಗೆ ಹೋಗಲಿಲ್ಲ ಎಂಬುದು ಒಂದು. ಶ್ವಾಸಕೋಶದಲ್ಲಿ ಇಜಿಎಫ್‌ಆರ್ ಕೆಡುವುದು ಗುಳಿಯ ಹತ್ತಿರ, ಇಲ್ಲಿ ಕೆಡುವುದು ಕೋಶದ ಹೊರಗೆ ಚಾಚಿದ ಭಾಗದಲ್ಲಿ, ಆದ್ದರಿಂದ ಅದೇ ಔಷಧ ಗುಳಿಯಲ್ಲಿ ಅಷ್ಟು ಬಿಗಿಯಾಗಿ ಕೂರುವುದಿಲ್ಲ ಎಂಬುದು ಇನ್ನೊಂದು. ಒಂದೇ ಗಡ್ಡೆಯಲ್ಲಿ ಬೇರೆ ಬೇರೆ ಕೋಶಗಳು ಬೇರೆ ಬೇರೆ ಕೈನೇಸ್ ನಂಬಿ ಬೆಳೆಯುತ್ತಿರುತ್ತವೆ ಎಂಬುದು ಮತ್ತೂ ಒಂದು. ಕೈನೇಸಿನ ಹೆಸರು ಒಂದೇ ಆದ ಮಾತ್ರಕ್ಕೆ ಔಷಧ ಒಂದೇ ಆಗುವುದಿಲ್ಲ.

ಹಾಗೆಂದು ಮಿದುಳಿನಲ್ಲಿ ಗೆಲುವೇ ಇಲ್ಲವೆಂದಲ್ಲ. ಮಿದುಳಿನ ಮೇಲ್ಪದರದಲ್ಲಿ ರಕ್ತಸ್ರಾವವಾದ ಮೇಲೆ ರಕ್ತನಾಳ ಸೆಟೆದುಕೊಳ್ಳುವುದನ್ನು ತಡೆಯಲು ಫಾಸುಡಿಲ್ ಎಂಬ ಕೈನೇಸ್ ತಡೆ ಔಷಧಕ್ಕೆ ಜಪಾನ್ 1995ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಇಮ್ಯಾಟಿನಿಬ್‌ಗಿಂತ ಆರು ವರ್ಷ ಮೊದಲು.

ಒಂದೇ ಕೈನೇಸ್, ಗಡ್ಡೆಯೂ ಫಿಟ್ಸೂ: ಎಂಟಾರ್

ಪೆಸಿಫಿಕ್ ಸಾಗರದ ರಾಪಾ ನುಯಿ ದ್ವೀಪದಿಂದ 1964ರಲ್ಲಿ ತಂದ ಮಣ್ಣಿನ ಬ್ಯಾಕ್ಟೀರಿಯಾವೊಂದರಿಂದ, ಕೆನಡಾದಲ್ಲಿದ್ದ ಭಾರತೀಯ ಮೂಲದ ವಿಜ್ಞಾನಿ ಸುರೇನ್ ಸೆಹಗಲ್ ಮತ್ತು ಅವರ ತಂಡ 1970ರ ದಶಕದಲ್ಲಿ ರಾಪಾಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿತು. ಅದು ತಡೆಯುವ ಕೈನೇಸೇ ಎಂಟಾರ್. ಕೋಶಕ್ಕೆ ಆಹಾರ ಸಾಕಷ್ಟಿದೆಯೇ ನೋಡಿ ‘ಪ್ರೋಟೀನ್ ತಯಾರಿಸು, ಬೆಳೆ’ ಎಂದು ಹೇಳುವುದು ಇದರ ಕೆಲಸ. ಟಿಎಸ್‌ಸಿ1 ಮತ್ತು ಟಿಎಸ್‌ಸಿ2 ಎಂಬ ವಂಶವಾಹಿಗಳು ಇದನ್ನು ಹತೋಟಿಯಲ್ಲಿಡುವ ನೀರಗಂಟಿಗಳು.

ಇವೆರಡರಲ್ಲಿ ಒಂದು ಕೆಟ್ಟು ಹುಟ್ಟುವ ಕಾಯಿಲೆ ಟ್ಯೂಬರಸ್ ಸ್ಕ್ಲೆರೋಸಿಸ್, ಸುಮಾರು 6,000 ಮಕ್ಕಳಿಗೆ ಒಬ್ಬರಲ್ಲಿ. ಮಿದುಳಿನಲ್ಲಿ ಗಂಟುಗಳು, ಕಿಡ್ನಿಯಲ್ಲಿ ಗಡ್ಡೆಗಳು, ಮುಖದ ಮೇಲೆ ಕೆಂಪು ಗುಳ್ಳೆಗಳು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರಿಗೆ ಫಿಟ್ಸ್. ಮೊದಲ ಸುಳಿವು ಮಗುವಿನ ಚರ್ಮದಲ್ಲಿರುತ್ತದೆ: ಎಲೆಯಾಕಾರದ ಬಿಳಿಚಿದ ಮಚ್ಚೆಗಳು. ಐದು ಮಿಲಿಮೀಟರಿಗಿಂತ ದೊಡ್ಡವು ಮೂರೋ ಅದಕ್ಕಿಂತ ಹೆಚ್ಚೋ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಇದನ್ನು ತೊನ್ನು ಎಂದುಕೊಂಡು ಮುಲಾಮು ಹಚ್ಚುತ್ತ ಕೂರುವುದುಂಟು. ಎರಡನೇ ಸುಳಿವು, ಮೂರರಿಂದ ಹನ್ನೆರಡು ತಿಂಗಳ ನಡುವೆ ಮಗು ನಿದ್ದೆಯಿಂದ ಎದ್ದಾಗ ತಲೆ ಬಾಗಿಸಿ, ಕೈ ಚಾಚಿ, ಸಾಲಾಗಿ ಹತ್ತಾರು ಸಲ ಬೆಚ್ಚುವುದು. ಹೊಟ್ಟೆನೋವು, ದೃಷ್ಟಿ, ಬಾಲಗ್ರಹ ಎಂದು ದಿನ ತಳ್ಳಿದರೆ ಮಗುವಿನ ಬೆಳವಣಿಗೆ ಹಿಂದೆ ಬೀಳುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿ ಅದೇ ವಾರ ವೈದ್ಯರಿಗೆ ತೋರಿಸಿ. ಬಾಯಿಮಾತಿಗಿಂತ ಆ ವಿಡಿಯೊ ಹೆಚ್ಚು ಕೆಲಸಕ್ಕೆ ಬರುತ್ತದೆ. ಈ ಬಗೆಯ ಫಿಟ್ಸಿಗೆ ಮೊದಲ ಔಷಧ ವಿಗಾಬಾಟ್ರಿನ್, ಎವೆರೋಲಿಮಸ್ ಅಲ್ಲ.

ರಾಪಾಮೈಸಿನ್‌ನ ತಮ್ಮನಂಥ ಎವೆರೋಲಿಮಸ್ ಬರುವುದು ಆಮೇಲೆ. ಮಿದುಳಿನ ನೀರಿನ ದಾರಿಗೆ ಅಡ್ಡ ಬರುವ ಸೀಗಾ ಎಂಬ ಗಡ್ಡೆ, ಪ್ರಯೋಗವೊಂದರಲ್ಲಿ, ಔಷಧ ಪಡೆದವರಲ್ಲಿ ಶೇ 35 ಮಂದಿಗೆ ಅರ್ಧಕ್ಕರ್ಧ ಅಥವಾ ಹೆಚ್ಚು ಕುಗ್ಗಿತು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಒಬ್ಬರಿಗೂ ಕುಗ್ಗಲಿಲ್ಲ. ಬೇರೆ ಔಷಧಗಳಿಗೆ ಬಗ್ಗದ ಫಿಟ್ಸ್, ಹೆಚ್ಚಿನ ಮಟ್ಟದ ಎವೆರೋಲಿಮಸ್‌ನಲ್ಲಿ ಮಧ್ಯಮಾಂಕದ ಲೆಕ್ಕದಲ್ಲಿ ಶೇ 40ರಷ್ಟು ಇಳಿದವು, ಔಷಧವಿಲ್ಲದ ಮಾತ್ರೆಯಲ್ಲಿ ಶೇ 15ರಷ್ಟು. ಪೂರ್ತಿ ನಿಲ್ಲುತ್ತದೆಂಬ ಭರವಸೆ ಇದಲ್ಲ. ಆದರೆ ದಿನಕ್ಕೆ ಹತ್ತು ಸಲ ಬೀಳುವ ಮಗು ಆರು ಸಲ ಬಿದ್ದರೆ ಆ ಮನೆಯ ಬದುಕು ಬೇರೆಯೇ ಆಗುತ್ತದೆ. ಇದೇ ಔಷಧ ಕಿಡ್ನಿ ಮತ್ತು ಕೆಲವು ಬಗೆಯ ಸ್ತನ ಕ್ಯಾನ್ಸರಿಗೂ ಬಳಕೆಯಲ್ಲಿದೆ, ಅಲ್ಲಿ ದಿನಕ್ಕೆ 10 ಮಿಲಿಗ್ರಾಂ ಎಂದು ನಿಗದಿ. ಮಕ್ಕಳಲ್ಲಿ ಮೈಯ ಅಳತೆ ನೋಡಿ ಶುರು ಮಾಡಿ, ಮುಂದಿನ ಡೋಸಿಗೆ ಮೊದಲು ರಕ್ತ ತೆಗೆದು ಮಟ್ಟ ಒಂದು ಮಿಲಿಲೀಟರಿಗೆ 5ರಿಂದ 15 ನ್ಯಾನೋಗ್ರಾಂ ಇರುವಂತೆ ಹೊಂದಿಸುತ್ತಾರೆ. ಬಾಯಿಹುಣ್ಣು ಬಹಳ ಸಾಮಾನ್ಯ. ಸೋಂಕು ತಡೆಯುವ ಶಕ್ತಿ ತಗ್ಗುವುದರಿಂದ ಜ್ವರ, ಕೆಮ್ಮನ್ನು ಉದಾಸೀನ ಮಾಡಬಾರದು. ದಡಾರದಂಥ ಜೀವಂತ ಲಸಿಕೆಗಳನ್ನು ಈ ಔಷಧದ ನಡುವೆ ಹಾಕಿಸಬಾರದು. ಅಂಗನವಾಡಿಯಲ್ಲಿ ಲಸಿಕೆಗೆ ಕರೆದಾಗ ಚೀಟಿ ತೋರಿಸಿ.

ಹಳೆಯ ಉಪ್ಪು, ಹೊಸ ಅರಿವು

ಬೈಪೋಲಾರ್ ಮಾನಸಿಕ ಕಾಯಿಲೆಗೆ ಲಿಥಿಯಂ ಬಳಕೆಯನ್ನು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ವರದಿ ಮಾಡಿದರು. ಅದು ಜಿಎಸ್‌ಕೆ-3 ಎಂಬ ಕೈನೇಸನ್ನು ತಡೆಯುತ್ತದೆ ಎಂದು ಗೊತ್ತಾದದ್ದು 1996ರಲ್ಲಿ. ಮನಸ್ಸಿನ ಏರಿಳಿತ ತಗ್ಗುವುದು ಇದೊಂದರಿಂದಲೇ ಎಂದು ಸಿದ್ಧವಾಗಿಲ್ಲ. ಆದರೂ ಮಿದುಳಿನ ಕೈನೇಸನ್ನು ಮುಟ್ಟುವ ಔಷಧಗಳಲ್ಲಿ ನಮ್ಮೂರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲದಿಂದ ಬಳಕೆಯಲ್ಲಿರುವುದು ಇದೇ.

ಇದರ ಹದ ಬಲು ಸೂಕ್ಷ್ಮ. ರಾತ್ರಿ ಮಾತ್ರೆ ನುಂಗಿ 12 ಗಂಟೆ ಬಿಟ್ಟು ತೆಗೆದ ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಸರಿ. 1.5 ದಾಟಿದರೆ ವಿಷ. ಬೆಳಗಿನ ಮಾತ್ರೆ ನುಂಗಿಯೇ ಲ್ಯಾಬಿಗೆ ಹೋದರೆ ಅಂಕಿ ಸುಳ್ಳಾಗುತ್ತದೆ. ಲಿಥಿಯಂ ಹೊರಹೋಗುವುದು ಕಿಡ್ನಿಯಿಂದ, ಸೋಡಿಯಂ ಜೊತೆ ಪೈಪೋಟಿಯಲ್ಲಿ. ಚಳ್ಳಕೆರೆ, ಹಿರಿಯೂರಿನ ಬೇಸಿಗೆಯಲ್ಲಿ ಶೇಂಗಾ, ಈರುಳ್ಳಿ ಹೊಲದಲ್ಲಿ ದಿನವಿಡೀ ಬೆವರಿ, ನೀರು ಸಾಲದಿದ್ದರೆ ಕಿಡ್ನಿ ಉಪ್ಪನ್ನು ಹಿಡಿದಿಡುವಾಗ ಲಿಥಿಯಮ್ಮನ್ನೂ ಹಿಡಿದಿಡುತ್ತದೆ. ವಾಂತಿ-ಭೇದಿ, ಉಪವಾಸ, ಬಿಪಿ ಎಂದು ಇದ್ದಕ್ಕಿದ್ದಂತೆ ಉಪ್ಪು ಬಿಡುವುದು, ಮಂಡಿನೋವಿಗೆ ಡೈಕ್ಲೊಫೆನಾಕ್, ಬಿಪಿಗೆ ಎನಲಾಪ್ರಿಲ್, ಲೋಸಾರ್ಟನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ಸೇರಿಸುವುದು, ಇವೆಲ್ಲ ಮಟ್ಟ ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ಭೇದಿ ಕಂಡರೆ ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕುಡಿದ ಅಮಲು ಎಂದು ಜನ ತಪ್ಪು ತಿಳಿಯುವ ಲಕ್ಷಣಗಳಿವು.

ಇದೇ ಜಿಎಸ್‌ಕೆ-3 ಅಲ್ಝೈಮರ್ ಸಂಶೋಧನೆಯಲ್ಲೂ ಬರುತ್ತದೆ. ನರಕೋಶದ ಒಳಗಿನ ಸಾಗಣೆ ದಾರಿಗಳನ್ನು ಹಿಡಿದಿಡುವ ಟೌ ಎಂಬ ಪ್ರೋಟೀನಿಗೆ ಅತಿಯಾಗಿ ಫಾಸ್ಫೇಟ್ ಅಂಟಿದರೆ ಅದು ಕಳಚಿ ಗಂಟು ಕಟ್ಟುತ್ತದೆ. ಅಂಟಿಸುವ ಕೈನೇಸ್‌ಗಳಲ್ಲಿ ಜಿಎಸ್‌ಕೆ-3 ಒಂದು. ಟೈಡೆಗ್ಲುಸಿಬ್ ಎಂಬ ತಡೆ ಔಷಧವನ್ನು ರೋಗಿಗಳಲ್ಲಿ ಪರೀಕ್ಷಿಸಿದಾಗ ಮರೆವಿನಲ್ಲಿ ಪ್ರಯೋಜನ ಕಾಣಲಿಲ್ಲ. ಪಾರ್ಕಿನ್ಸನ್‌ನಲ್ಲಿ ಎಲ್‌ಆರ್‌ಆರ್‌ಕೆ2 ಎಂಬ ಕೈನೇಸ್ ಅತಿಯಾಗಿ ಕೆಲಸ ಮಾಡುವಂಥ ರೂಪಾಂತರಗಳು 2004ರಿಂದ ಗೊತ್ತಿವೆ, ತಡೆ ಔಷಧಗಳು ಪ್ರಯೋಗದ ಹಂತದಲ್ಲಿವೆ. ಅವುಗಳಲ್ಲಿ ಹೆಚ್ಚು ಹೆಸರಾದ ರೂಪಾಂತರ ಭಾರತೀಯರಲ್ಲಿ ಅಪರೂಪ. ಹಾಗಾಗಿ ಪಾರ್ಕಿನ್ಸನ್‌ಗೆ ಕೈನೇಸ್ ಮಾತ್ರೆ ಎಂದು ಯಾರಾದರೂ ಇವತ್ತು ಮಾರಿದರೆ ಕೊಳ್ಳಬೇಡಿ.

ಮನೆಯಲ್ಲಿ ತಪ್ಪುವುದು ಎಲ್ಲಿ

ಈ ಮಾತ್ರೆಗಳಲ್ಲಿ ಬಹುಪಾಲು ಲಿವರಿನ ಸಿವೈಪಿ3ಎ4 ಎಂಬ ಕಿಣ್ವದಿಂದ ಕರಗುತ್ತವೆ. ಕ್ಷಯದ ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಆ ಕಿಣ್ವವನ್ನು ಚುರುಕು ಮಾಡುತ್ತವೆ. ಇಮ್ಯಾಟಿನಿಬ್ ನುಂಗಿದರೂ ರಕ್ತದಲ್ಲಿ ಉಳಿಯುವುದು ಕಡಿಮೆ. ಹುಳುಕಡ್ಡಿಗೆ ನುಂಗುವ ಇಟ್ರಾಕೊನಜೋಲ್, ಗ್ರೇಪ್‌ಫ್ರೂಟ್ ಮತ್ತು ಅದರ ಬಳಗದ ಚಕ್ಕೋತ ಇದಕ್ಕೆ ತಿರುಗಾಮುರುಗಾ, ಮಟ್ಟ ಏರಿಸುತ್ತವೆ. ಒಳಗೇನಿದೆ ಗೊತ್ತಿಲ್ಲದ ನಾಟಿ ಔಷಧ, ಕಷಾಯದ ಪುಡಿಗಳೂ ಇದೇ ಅಪಾಯದಲ್ಲಿ ಬರುತ್ತವೆ. ಮಾತ್ರೆ ನುಂಗುತ್ತಿರುವುದನ್ನು ಪ್ರತಿಯೊಬ್ಬ ವೈದ್ಯರಿಗೂ, ಹಲ್ಲಿನ ವೈದ್ಯರಿಗೂ ಹೇಳಬೇಕು.

ನಮ್ಮಲ್ಲಿ ಅತಿ ಹೆಚ್ಚು ಎಡವುವುದು ಗ್ಯಾಸ್ ಮಾತ್ರೆಯಲ್ಲಿ. ಎರ್ಲೋಟಿನಿಬ್, ಗೆಫಿಟಿನಿಬ್, ಡಾಸಾಟಿನಿಬ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಬೆಳಿಗ್ಗೆ ಎದ್ದ ಕೂಡಲೇ ಪ್ಯಾಂಟೊಪ್ರಜೋಲ್ ನುಂಗುವ ಅಭ್ಯಾಸವಿದ್ದರೆ ಕ್ಯಾನ್ಸರ್ ಮಾತ್ರೆ ಅರ್ಧಂಬರ್ಧವೇ ರಕ್ತಕ್ಕೆ ಸೇರುತ್ತದೆ. ಊಟದ ಲೆಕ್ಕವೂ ಮಾತ್ರೆಗೊಂದು ಥರ. ಇಮ್ಯಾಟಿನಿಬ್ ಊಟದ ಜೊತೆ. ಎರ್ಲೋಟಿನಿಬ್ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ನಿಲೋಟಿನಿಬ್ ಖಾಲಿ ಹೊಟ್ಟೆಯಲ್ಲೇ: ನುಂಗುವ ಮೊದಲು ಎರಡು ಗಂಟೆ, ನುಂಗಿದ ಮೇಲೆ ಒಂದು ಗಂಟೆ ಏನೂ ತಿನ್ನುವಂತಿಲ್ಲ. ಜಿಡ್ಡಿನ ಆಹಾರದ ಮೇಲೆ ನುಂಗಿದರೆ ಅದರ ಮಟ್ಟ ಹೆಚ್ಚು ಕಡಿಮೆ ಇಮ್ಮಡಿಯಾಗಿ ಹೃದಯದ ಲಯ ತಪ್ಪಬಹುದು. ಎವೆರೋಲಿಮಸ್‌ನಲ್ಲಿ ತದ್ವಿರುದ್ಧ, ಜಿಡ್ಡಿನ ಊಟ ಅದರ ಮಟ್ಟವನ್ನು ಇಳಿಸುತ್ತದೆ. ಒಂದು ದಿನ ಖಾಲಿ ಹೊಟ್ಟೆಗೆ, ಮರುದಿನ ಬೆಣ್ಣೆ ದೋಸೆಯ ಮೇಲೆ ಎಂದಾಗದೆ ದಿನಾ ಒಂದೇ ರೀತಿ ನುಂಗಬೇಕು. ಬೀಡಿ ಸೇದುವವರಲ್ಲಿ ಎರ್ಲೋಟಿನಿಬ್ ಬೇಗ ಕರಗಿಹೋಗುತ್ತದೆ.

ಮಾತ್ರೆ ಮರೆತು ಮರುದಿನ ನೆನಪಾದರೆ ಎರಡು ನುಂಗಬಾರದು. ಡಾಸಾಟಿನಿಬ್‌ನಲ್ಲಿ ಮೇಲುಸಿರು ಬಂದರೆ ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು. ಗೆಫಿಟಿನಿಬ್, ಎರ್ಲೋಟಿನಿಬ್‌ನಲ್ಲಿ ಮೊಡವೆಯಂಥ ಗುಳ್ಳೆ, ಭೇದಿ ಸಾಮಾನ್ಯ, ಆದರೆ ಹೊಸದಾಗಿ ಶುರುವಾದ ಒಣಕೆಮ್ಮು, ಏದುಸಿರು ಸಾಮಾನ್ಯವಲ್ಲ. ಅದೇ ದಿನ ತೋರಿಸಬೇಕು.

ಹಣ ಮತ್ತು ಪ್ರಯೋಗ

ಇಮ್ಯಾಟಿನಿಬ್‌ನ ಮೂಲ ಬ್ರ್ಯಾಂಡಿನ ತಿಂಗಳ ವೆಚ್ಚ ಭಾರತದಲ್ಲಿ ಒಂದು ಕಾಲಕ್ಕೆ ಸುಮಾರು 1.2 ಲಕ್ಷ ರೂಪಾಯಿ ಇತ್ತು, ಜೆನೆರಿಕ್ ಮಾತ್ರೆಯದು ಸುಮಾರು 8,000. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿದ ಮೇಲೆ ಜೆನೆರಿಕ್‌ಗಳ ದಾರಿ ಗಟ್ಟಿಯಾಯಿತು. ಈಗ ಇಮ್ಯಾಟಿನಿಬ್ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿರುವುದರಿಂದ ಬೆಲೆಗೆ ಮಿತಿಯೂ ಇದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಯಾವ ಮಾತ್ರೆ ಅದರಲ್ಲಿ ಸೇರುತ್ತದೆಂದು ಸ್ವಂತ ಹಣದಲ್ಲಿ ಕೊಳ್ಳುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಹೊಸ ಕೈನೇಸ್ ಔಷಧಗಳ ಪ್ರಯೋಗಕ್ಕೆ ಸೇರುವಿರಾ ಎಂದು ಕೇಳಿದರೆ ಅದು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಜಾಲತಾಣದಲ್ಲಿದೆಯೇ ನೋಡಿ, ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಒಪ್ಪಿಗೆ ಪತ್ರ ನಿಮಗೆ ಓದಲು ಬರುವ ಭಾಷೆಯಲ್ಲಿರಬೇಕು, ಅದರ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು. ಪ್ರಯೋಗದಿಂದ ಆರೋಗ್ಯಕ್ಕೆ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ. ಯಾವ ಹಂತದಲ್ಲಾದರೂ ಕಾರಣ ಕೊಡದೆ ಹೊರಬರಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಬಾರದು.